ಪ್ರಗತಿ ವರದಿಯಲ್ಲಿ ಲೆಕ್ಕ ತಪ್ಪುವ ಜಾಗಗಳು

ಹಣ ಕೊಡುವ ದಾನಿ ಸಂಸ್ಥೆಯಲ್ಲಿ ನಿಮ್ಮ ಸ್ವಯಂಸೇವಾ ಸಂಸ್ಥೆಯ ತ್ರೈಮಾಸಿಕ ಪ್ರಗತಿ ವರದಿಯನ್ನು ಓದುವವರು ಸಾಮಾನ್ಯವಾಗಿ ಇಬ್ಬರು. ಕಾರ್ಯಕ್ರಮ ನೋಡಿಕೊಳ್ಳುವವರು ವಿವರಣೆಯ ಭಾಗ ಓದುತ್ತಾರೆ. ಹಣಕಾಸಿನವರು ನೇರವಾಗಿ ಎಕ್ಸೆಲ್ ತೆರೆಯುತ್ತಾರೆ. ಅವರಿಬ್ಬರೂ ಮಾತಾಡಿಕೊಂಡ ಮೇಲೆ ಮೇಲ್ ಬರುತ್ತದೆ: ‘ಮೂರು ತರಬೇತಿ ಎಂದು ಬರೆದಿದ್ದೀರಿ, ಖರ್ಚು ಎರಡಕ್ಕೇ ಇದೆಯಲ್ಲ?’ ಬೆಂಗಳೂರಿನ ಸಣ್ಣ ಸಂಸ್ಥೆಗಳಲ್ಲಿ ವರದಿ ಎಂದರೆ ಇಂಗ್ಲಿಷ್ ಚೆನ್ನಾಗಿ ಬರುವವರ ಕೆಲಸ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ನನಗೆ ಕಂಡಂತೆ ಇಂಗ್ಲಿಷ್ ಸರಿಯಿಲ್ಲ ಎಂದು ವಾಪಸ್ ಬರುವ ವರದಿ ಕಡಿಮೆ, ಅಂಕಿ ಹೊಂದದೆ ವಾಪಸ್ ಬರುವುದೇ ಜಾಸ್ತಿ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಕಾಲ್ಪನಿಕ ಯೋಜನೆ ಇಟ್ಟುಕೊಳ್ಳೋಣ. ಆನೇಕಲ್ ತಾಲ್ಲೂಕಿನ 40 ಸರ್ಕಾರಿ ಪ್ರಾಥಮಿಕ ಶಾಲೆಗಳು, 4 ಮತ್ತು 5ನೇ ತರಗತಿಯ 1,600 ಮಕ್ಕಳಿಗೆ ಓದು ಮತ್ತು ಲೆಕ್ಕದಲ್ಲಿ ಬೆಂಬಲ, ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ, 2025–26ನೇ ಸಾಲು.

ಮೊದಲ ತಪ್ಪು ಆಗುವುದು ಫಲಾನುಭವಿಗಳ ಎಣಿಕೆಯಲ್ಲಿ. ತರಗತಿಗೆ ಬಂದವರು ಜುಲೈನಲ್ಲಿ 1,210, ಆಗಸ್ಟ್‌ನಲ್ಲಿ 1,265, ಸೆಪ್ಟೆಂಬರ್‌ನಲ್ಲಿ 1,285. ಮೂರನ್ನೂ ಕೂಡಿಸಿ 3,760 ಮಕ್ಕಳನ್ನು ತಲುಪಿದ್ದೇವೆ ಎಂದು ಬರೆದುಬಿಡುತ್ತಾರೆ. ಯೋಜನೆಯಲ್ಲಿರುವುದೇ 1,600 ಮಕ್ಕಳು! ಒಂದೇ ಮಗು ಮೂರು ತಿಂಗಳು ಬಂದರೆ ಅದು ಒಂದೇ ಮಗು. ಹೆಸರಿನ ಪಟ್ಟಿಯಿಂದ ಎಣಿಸಿದರೆ ಬರುವುದು, ಹೇಳೋಣ, 1,340. ಇದೇ ತಪ್ಪು ತ್ರೈಮಾಸಿಕಗಳ ನಡುವೆಯೂ ನುಸುಳುತ್ತದೆ. ಮೊದಲ ತ್ರೈಮಾಸಿಕದಲ್ಲಿ 900 ಮಕ್ಕಳಿದ್ದರು. ಅವರಲ್ಲಿ 40 ಮಂದಿ ಬಿಟ್ಟುಹೋದರು, 860 ಮಂದಿ ಉಳಿದರು, 480 ಮಂದಿ ಹೊಸಬರು ಸೇರಿದರು. ಎರಡನೇ ತ್ರೈಮಾಸಿಕದ ಅಂಕಿ 1,340. ವರ್ಷದಲ್ಲಿ ಈವರೆಗಿನ ಒಟ್ಟು 1,380. ಅದನ್ನು 2,240 ಎಂದು ಬರೆದರೆ ಮುಂದೆ ಯಾವತ್ತೂ ಸರಿಪಡಿಸಲಾಗದ ಗಂಟು ಬೀಳುತ್ತದೆ. ಆದ್ದರಿಂದ ಕೋಷ್ಟಕದಲ್ಲಿ ‘ಈ ತ್ರೈಮಾಸಿಕ’, ‘ಇದರಲ್ಲಿ ಹೊಸಬರು’, ‘ವರ್ಷದಲ್ಲಿ ಈವರೆಗೆ’ ಎಂದು ಮೂರು ಕಾಲಂ ಇರಲೇಬೇಕು. ದಾನಿಗಳ ನಮೂನೆಯಲ್ಲಿ ಮಧ್ಯದ ಕಾಲಂ ಇಲ್ಲದಿದ್ದರೆ ನಿಮ್ಮ ಒಳಗಿನ ಶೀಟಿನಲ್ಲಾದರೂ ಇರಲಿ.

ಶಾಲೆಯ ಹೆಸರಿನ ತೊಂದರೆಯೂ ಸಣ್ಣದಲ್ಲ. ಫೀಲ್ಡಿನಿಂದ ಬರುವ ಶೀಟುಗಳಲ್ಲಿ ಅತ್ತಿಬೆಲೆ, ಸರ್ಜಾಪುರಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು. ಎಕ್ಸೆಲ್‌ನಲ್ಲಿ ಶಾಲೆವಾರು ಒಟ್ಟು ತೆಗೆಯಲು ಪಿವಟ್ ಟೇಬಲ್ ಹಾಕಿದರೆ ಒಂದು ಶಾಲೆ ಎರಡಾಗುತ್ತದೆ. ಒಂದೇ ಊರಿನಲ್ಲಿ ಜಿಎಚ್‌ಪಿಎಸ್ (ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ) ಜೊತೆಗೆ ಉರ್ದು ಶಾಲೆಯೂ ಇದ್ದರೆ ಎರಡು ಶಾಲೆ ಒಂದಾಗುತ್ತದೆ. ಹೆಸರನ್ನು ನೆಚ್ಚಿಕೊಳ್ಳಬೇಡಿ. ಪ್ರತಿ ಶಾಲೆಗೂ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಶಾಲೆಯನ್ನು ಗುರುತಿಸುವ 11 ಅಂಕಿಯ ಯು-ಡೈಸ್ ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಹಾಜರಾತಿ, ಭೇಟಿ, ಪರೀಕ್ಷೆ, ಸಾಮಗ್ರಿ ವಿತರಣೆ ಎಲ್ಲ ಶೀಟಿನಲ್ಲೂ ಮೊದಲ ಕಾಲಂ ಅದೇ ಇರಲಿ. ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಮೊದಲೇ ಗುರುತಿಸಿಡಿ, ಇಲ್ಲದಿದ್ದರೆ ಉದ್ದದ ಅಂಕಿ ‘ಇ’ ಅಕ್ಷರ ಸೇರಿಸಿಕೊಂಡು ವಿಚಿತ್ರ ರೂಪದಲ್ಲಿ ಕಾಣಬಹುದು.

ಇನ್ನು ವರದಿಯ ನಿಜವಾದ ತಿರುಳು: ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರ. ವರದಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು, ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸುವುದೂ ಇದನ್ನೇ. ‘ಅನಿವಾರ್ಯ ಕಾರಣಗಳಿಂದ ಒಂದು ತರಬೇತಿಯನ್ನು ಮುಂದೂಡಲಾಯಿತು’ ಎಂಬ ವಾಕ್ಯದಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಏನು ಕಾರಣ, ಯಾವಾಗ ಮಾಡುತ್ತೀರಿ, ಹಣ ಎಲ್ಲಿದೆ ಎಂದು ಮತ್ತೆ ಕೇಳುತ್ತಾರೆ.

ಇದನ್ನು ಹೀಗೆ ಬರೆಯಬಹುದು: ‘ಅಕ್ಟೋಬರ್–ಡಿಸೆಂಬರ್ ಅವಧಿಗೆ ತಿಂಗಳಿಗೊಂದರಂತೆ ಶಿಕ್ಷಕರ ಮೂರು ತಂಡಗಳಿಗೆ ತರಬೇತಿ ನಿಗದಿಯಾಗಿತ್ತು. ಶಿಕ್ಷಕರನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಿಯೋಜಿಸಿದ್ದರಿಂದ ಮತ್ತು ಸರ್ಕಾರಿ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ವಿಸ್ತರಣೆಯಾದ್ದರಿಂದ ಮೊದಲ ತಂಡದ ತರಬೇತಿ ನಡೆಯಲಿಲ್ಲ. ನವೆಂಬರ್ ಮತ್ತು ಡಿಸೆಂಬರ್‌ನ ತಂಡಗಳದು ನಡೆದಿದೆ. ಬಿಟ್ಟುಹೋದ ತಂಡಕ್ಕೆ ಜನವರಿ ಎರಡನೇ ವಾರ ನಿಗದಿಯಾಗಿದ್ದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರ ಲಗತ್ತಿಸಿದೆ. ಈ ತಂಡದ ₹80,000 ಖರ್ಚಾಗದೆ ಉಳಿದಿದ್ದು, ಮುಂದಿನ ತ್ರೈಮಾಸಿಕದಲ್ಲಿ ಅದೇ ಬಾಬತ್ತಿಗೆ ಬಳಕೆಯಾಗುತ್ತದೆ. ವರ್ಷದ ಗುರಿಯಲ್ಲಿ ಬದಲಾವಣೆ ಇಲ್ಲ.’ ಏನು ನಿಗದಿಯಾಗಿತ್ತು, ಏನಾಯಿತು, ಯಾಕೆ, ಮುಂದೇನು, ಹಣದ ಗತಿ ಏನು, ವರ್ಷದ ಗುರಿಗೆ ಧಕ್ಕೆ ಇದೆಯೇ ಎಂಬುದೆಲ್ಲ ಒಂದೇ ಪ್ಯಾರಾದಲ್ಲಿ ಬಂತು. ಇದನ್ನು ಓದಿದ ಹಣಕಾಸಿನವರು ಮೇಲ್ ಹಾಕುವುದಿಲ್ಲ.

ಖರ್ಚಿನ ಕೋಷ್ಟಕ ಇದಕ್ಕೆ ತಾಳೆಯಾಗಬೇಕು. ತಂಡಕ್ಕೆ ₹80,000ದಂತೆ ಮೂರಕ್ಕೆ ಬಜೆಟ್ ₹2,40,000. ಎರಡು ತಂಡಕ್ಕೆ ಆದ ಖರ್ಚು ₹1,62,000. ಅಂತರ ₹78,000, ಅಂದರೆ ಶೇ 32.5. ವಿವರಣೆಯಲ್ಲಿ ₹80,000 ಉಳಿಯಿತು ಎಂದಿದೆ, ಕೋಷ್ಟಕದಲ್ಲಿ ₹78,000. ಈ ₹2,000ಕ್ಕೂ ಒಂದು ಮಾತು ಬೇಕು: ತಂಡಕ್ಕೆ ₹1,000ದಂತೆ ಊಟದ ಖರ್ಚು ಹೆಚ್ಚಾಗಿದೆ. ಶೇ 10ಕ್ಕಿಂತ ಹೆಚ್ಚಿನ ವ್ಯತ್ಯಾಸಕ್ಕೆ ಲಿಖಿತ ಕಾರಣ ಬೇಕು ಎಂಬ ಷರತ್ತು ದಾನಿಯೊಂದಿಗಿನ ಬಹಳಷ್ಟು ಒಪ್ಪಂದ ಪತ್ರಗಳಲ್ಲಿ (ಎಂಒಯು) ಇರುತ್ತದೆ. ಕೆಲವದರಲ್ಲಿ ಬಜೆಟ್ಟಿನ ಒಂದು ಹೆಡ್‌ನಿಂದ (ಬಾಬತ್ತಿನಿಂದ) ಇನ್ನೊಂದಕ್ಕೆ ಹಣ ತಿರುಗಿಸಲು ಮುಂಚಿತ ಅನುಮತಿಯೂ ಬೇಕು. ಎಂಒಯುವಿನ ಆ ಪುಟವನ್ನು ಪ್ರಿಂಟ್ ತೆಗೆದು ಲೆಕ್ಕಪತ್ರ ನೋಡುವವರ ಮೇಜಿನ ಮುಂದೆ ಅಂಟಿಸಿ. ಖರ್ಚಾದ ಮೇಲೆ ಕೇಳುವ ಅನುಮತಿ ಅನುಮತಿಯಲ್ಲ.

ಶಾಲೆಯ ಯೋಜನೆಗಳಲ್ಲಿ ಇನ್ನೊಂದು ಅಂತರ ಪ್ರತಿ ವರ್ಷ ಬರುತ್ತದೆ, ಆದರೂ ಪ್ರತಿ ವರ್ಷ ಹೊಸದೆಂಬಂತೆ ವಿವರಿಸುತ್ತೇವೆ. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಶಾಲೆ ತೆರೆದ ಮೇಲೂ ದಾಖಲಾತಿ, ಪುಸ್ತಕ ಹಂಚಿಕೆ ಎಂದು ಜೂನ್‌ನ ಎರಡು ವಾರ ಹೋಗುತ್ತದೆ. ಮೊದಲ ತ್ರೈಮಾಸಿಕಕ್ಕೆ ವರ್ಷದ ಗುರಿಯ ಕಾಲು ಭಾಗ ಹಾಕಿಕೊಂಡವರು ಜುಲೈನಲ್ಲಿ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಗುರಿಯನ್ನು ನಾಲ್ಕರಿಂದ ಭಾಗಿಸದೆ ಪ್ರಪೋಸಲ್ ಹಂತದಲ್ಲೇ 10, 35, 25, 30 ಎಂದು ಹಂಚಿಕೊಂಡರೆ ಈ ರಗಳೆಯೇ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳನ್ನು ಸಿಬ್ಬಂದಿ ನೇಮಕ, ಸಾಮಗ್ರಿ ಮುದ್ರಣ, ಇಲಾಖೆಯ ಅನುಮತಿಗೆ ಇಟ್ಟುಕೊಳ್ಳಬಹುದು. ಅವನ್ನೂ ಚಟುವಟಿಕೆಗಳೆಂದೇ ಕೋಷ್ಟಕದಲ್ಲಿ ತೋರಿಸಿ.

ಖರ್ಚಿನ ಕಡೆ ಮತ್ತೆ ಮತ್ತೆ ಎಡವುವ ಕಲ್ಲುಗಳು ಬೇರೆಯೇ ಇವೆ. ಸಿಬ್ಬಂದಿಗೆ ಕೊಟ್ಟ ಮುಂಗಡ ಖರ್ಚಲ್ಲ, ಬಿಲ್ಲು ಬಂದು ವೋಚರ್ ಆದಾಗಷ್ಟೇ ಖರ್ಚು. ಸಂಬಳವನ್ನು ಕೈಗೆ ಹೋದ ಮೊತ್ತದಲ್ಲಿ ತೋರಿಸಿದರೆ ಪಿಎಫ್, ಟಿಡಿಎಸ್ ಕಾಣೆಯಾಗುತ್ತವೆ. ಪೂರ್ತಿ ಮೊತ್ತವನ್ನೇ ತೋರಿಸಬೇಕು. ಪ್ರಿಂಟರ್ ಕೊಟ್ಟ ಕೊಟೇಶನ್‌ನಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದು ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಬಿಟ್ಟು ಬಜೆಟ್ ಮಾಡಿದರೆ ಆ ಹೆಡ್ ತೆರಿಗೆಯಷ್ಟು ಮೀರುವುದು ಖಂಡಿತ. ಅನುದಾನದ ಹಣಕ್ಕೆ ಬ್ಯಾಂಕ್ ಕೊಟ್ಟ ಬಡ್ಡಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಕೇಳಿದ ಮೇಲೆ ಹೇಳುವುದು ಚೆನ್ನಾಗಿ ಕಾಣುವುದಿಲ್ಲ.

ಮಾರ್ಚ್‌ನಲ್ಲಿ ಸಿಎಸ್‌ಆರ್ ತಂಡಗಳು ಬಳಕೆ ಪ್ರಮಾಣಪತ್ರಕ್ಕಾಗಿ (ಹಣ ಎಷ್ಟು ಬಳಕೆಯಾಯಿತೆಂಬ ದೃಢೀಕರಣ) ದಿನಕ್ಕೆರಡು ಸಲ ಫೋನ್ ಮಾಡುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಅರ್ಹ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಖರ್ಚು ಮಾಡಬೇಕು. ನಮ್ಮ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಅದು ಅವರ ಖರ್ಚಾಗುವುದಿಲ್ಲ, ನಾವು ಬಳಸಿದಾಗ ಆಗುತ್ತದೆ. ಹಣ ಉದ್ದೇಶಿತ ಕೆಲಸಕ್ಕೇ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು (ಸಿಎಫ್‌ಒ) ದೃಢೀಕರಿಸಬೇಕು. ಬಹುವರ್ಷದ ಯೋಜನೆಯಲ್ಲಿ ಉಳಿದ ಹಣ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹೋಗಬೇಕು. ಹಾಗಾಗಿ ಮಾರ್ಚ್‌ನಲ್ಲಿ ಎಷ್ಟು ಉಳಿಯಬಹುದೆಂದು ಜನವರಿಯ ವರದಿಯಲ್ಲೇ ಅಂದಾಜು ಕೊಟ್ಟರೆ ಅವರಿಗೂ ಅನುಕೂಲ, ನಿಮಗೂ ಮಾರ್ಚ್ 29ಕ್ಕೆ ಟ್ಯಾಬ್ಲೆಟ್ ಕೊಳ್ಳುವ ಗಡಿಬಿಡಿ ತಪ್ಪುತ್ತದೆ.

ವಿದೇಶಿ ಹಣವಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಇನ್ನೊಂದು ಸಂಸ್ಥೆಗೆ ಹಣ ವರ್ಗಾಯಿಸುವಂತಿಲ್ಲ. ‘ಸಹಭಾಗಿ ಸಂಸ್ಥೆಗೆ ಇಷ್ಟು ಕೊಟ್ಟೆವು’ ಎಂಬ ಸಾಲು ವರದಿಗೆ ಬಂದಿದೆ ಎಂದರೆ ಪದ ಬದಲಿಸಿ ಪ್ರಯೋಜನವಿಲ್ಲ, ಆ ಪಾವತಿ ಏನೆಂದು ಮೊದಲು ಲೆಕ್ಕಪರಿಶೋಧಕರ ಜೊತೆ ಕೂತು ನೋಡಬೇಕು. ಡಿಸೆಂಬರ್ 31ರೊಳಗೆ ಸಲ್ಲಿಸುವ, ವಿದೇಶಿ ಹಣದ ವಾರ್ಷಿಕ ಲೆಕ್ಕದ ನಮೂನೆಯಾದ ಎಫ್‌ಸಿ-4ರ ಅಂಕಿಗೂ ದಾನಿಗೆ ಕಳಿಸಿದ ವರದಿಗಳ ಅಂಕಿಗೂ ತಾಳೆ ಇರಲಿ.

ಈಗ ಪರಿಣಾಮದ ಅಂಕಿಗೆ ಬರೋಣ. ಬೆಂಗಳೂರಿನ ಅಂಚಿನ ಶಾಲೆಗಳಲ್ಲಿ ಇದರ ತಲೆನೋವೇ ಬೇರೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಇಲ್ಲಿ ಸೇರಿರುತ್ತಾರೆ. ಬಿತ್ತನೆಗೋ ಜಾತ್ರೆಗೋ ಊರಿಗೆ ಹೋದವರು ಕೆಲವೊಮ್ಮೆ ತಿರುಗಿ ಬರುವುದಿಲ್ಲ. ಕಟ್ಟಡ ಮುಗಿದರೆ ತಗಡಿನ ಶೆಡ್ಡುಗಳೇ ಇನ್ನೊಂದು ಕಡೆಗೆ ಹೋಗುತ್ತವೆ. ಜುಲೈನ ಬೇಸ್‌ಲೈನ್ (ಆರಂಭದ ಮಟ್ಟ ಅಳೆಯುವ) ಪರೀಕ್ಷೆ ಬರೆದವರು 1,200, ಫೆಬ್ರವರಿಯ ಪರೀಕ್ಷೆ ಬರೆದವರು 1,150 ಎಂದಿಟ್ಟುಕೊಳ್ಳಿ. ಆದರೆ ಎರಡನ್ನೂ ಬರೆದವರು 910 ಮಾತ್ರ. ಎರಡು ಪರೀಕ್ಷೆಗಳ ಶೇಕಡಾವಾರನ್ನು ನೇರವಾಗಿ ಹೋಲಿಸಿದರೆ ಬೇರೆ ಬೇರೆ ಮಕ್ಕಳನ್ನು ಹೋಲಿಸಿದಂತೆ. ಓದಲು ಬಾರದ ಮಕ್ಕಳೇ ಹೆಚ್ಚಾಗಿ ಶಾಲೆ ಬಿಟ್ಟಿದ್ದರೆ, ನಾವು ಏನೂ ಕಲಿಸದೆಯೂ ಸರಾಸರಿ ಮೇಲೇರುತ್ತದೆ.

ಆದ್ದರಿಂದ 910 ಮಕ್ಕಳನ್ನಷ್ಟೇ ತೆಗೆದುಕೊಂಡು ನೋಡಿ. ಜುಲೈನಲ್ಲಿ 2ನೇ ತರಗತಿ ಮಟ್ಟದ ಪ್ಯಾರಾ ಓದಿದವರು 312, ಅಂದರೆ ಶೇ 34.3. ಫೆಬ್ರವರಿಯಲ್ಲಿ 483, ಶೇ 53.1. ಏರಿಕೆ 18.8 ಶೇಕಡಾವಾರು ಅಂಶ. ಇದನ್ನೇ ‘ಶೇ 55ರಷ್ಟು ಹೆಚ್ಚಳ’ ಎಂದು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ, 312ರಿಂದ 483ಕ್ಕೆ ಲೆಕ್ಕ ಹಾಕಿದರೆ ಸುಳ್ಳೂ ಅಲ್ಲ. ಆದರೆ ಓದುವವರು ಅರ್ಧಕ್ಕರ್ಧ ಮಕ್ಕಳು ಹೊಸದಾಗಿ ಓದಲು ಕಲಿತರು ಎಂದುಕೊಳ್ಳುತ್ತಾರೆ. ಶೇಕಡಾವಾರಿನ ಪಕ್ಕದಲ್ಲಿ ಎಷ್ಟಕ್ಕೆ ಎಷ್ಟು ಎಂಬುದನ್ನು ಯಾವಾಗಲೂ ಬರೆಯಿರಿ. ಎರಡನೇ ಪರೀಕ್ಷೆ ಬರೆಯದ 290 ಮಕ್ಕಳ ಬಗ್ಗೆಯೂ ಎರಡು ಸಾಲು ಬೇಕು: ಎಷ್ಟು ಮಂದಿ ವರ್ಗಾವಣೆ ಪತ್ರ ಪಡೆದರು, ಎಷ್ಟು ಮಂದಿ ಆ ದಿನ ಗೈರು, ಎಷ್ಟು ಮಂದಿಯ ಸುಳಿವಿಲ್ಲ. ಒಳ್ಳೆಯ ದಾನಿಗಳು ಈ ಸಾಲನ್ನೇ ಹುಡುಕಿ ಓದುತ್ತಾರೆ. ಕೆರೆ ಯೋಜನೆಯವರಿಗೂ ಇದೇ ನ್ಯಾಯ: ಜುಲೈನಲ್ಲಿ ನೆಟ್ಟ ಸಸಿಗಳ ಸಂಖ್ಯೆ ಚಟುವಟಿಕೆ ಅಷ್ಟೇ, ಮುಂದಿನ ಮೇ ತಿಂಗಳಲ್ಲಿ ಬದುಕಿರುವ ಸಸಿಗಳ ಎಣಿಕೆಯೇ ಫಲಿತಾಂಶ.

ಫೋಟೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲೆಕ್ಸ್ ಹಿಡಿದು ಸಾಲಾಗಿ ನಿಂತ ಹತ್ತು ಫೋಟೊಗಳಿಗಿಂತ ತರಗತಿ ನಡೆಯುತ್ತಿರುವ ಒಂದು ಫೋಟೊ ಮೇಲು. ಫೈಲಿನ ಹೆಸರಿನಲ್ಲಿ ದಿನಾಂಕ ಮತ್ತು ಯು-ಡೈಸ್ ಕೋಡ್ ಇರಲಿ; ಪೋಷಕರ ಒಪ್ಪಿಗೆ ಪತ್ರ ಫೈಲಿನಲ್ಲಿರಲಿ. ಪಾಲನೆ-ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ, ಅಂಥ ಯೋಜನೆಗಳಲ್ಲಿ ಮುಖವೂ ಬೇಡ, ಊರು-ಶಾಲೆಯ ಹೆಸರೂ ಬೇಡ. ಫಲಾನುಭವಿ ಪಟ್ಟಿಯಲ್ಲಿ ಆಧಾರ್ ಸಂಖ್ಯೆ ಸೇರಿಸಿ ಮೇಲ್ ಮಾಡುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ.

ಇಷ್ಟೆಲ್ಲ ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ. ಫೀಲ್ಡಿನವರಿಂದ ಪ್ರತಿ ತಿಂಗಳು ಒಂದು ಪುಟ, ಕನ್ನಡದಲ್ಲಿ, ಸಾಕು: ಈ ತಿಂಗಳು ಏನು ಮಾಡಬೇಕಿತ್ತು, ಏನಾಯಿತು, ಏನಾಗಲಿಲ್ಲ, ಯಾಕೆ, ಯಾರ ಜೊತೆ ಮಾತಾಡಿದಿರಿ. ‘ಯಾಕೆ’ ಎಂಬ ಖಾನೆ ದೊಡ್ಡದಿರಲಿ. ಬರೆಯಲು ಹಿಂಜರಿಯುವವರು ವಾಯ್ಸ್ ನೋಟ್ ಕಳಿಸಲಿ, ಆಫೀಸಿನಲ್ಲಿ ಯಾರಾದರೂ ಬರೆದುಕೊಳ್ಳಲಿ. ಅಕ್ಟೋಬರ್‌ನ ಕಾರಣವನ್ನು ಜನವರಿಯಲ್ಲಿ ಕೇಳಿದರೆ ‘ರಜೆ ಇತ್ತು ಸಾರ್’ ಎಂಬುದಷ್ಟೇ ಸಿಗುತ್ತದೆ.

ವರದಿ ಜನವರಿ 15ಕ್ಕೆ ಕೊಡಬೇಕಿದ್ದರೆ ಡಿಸೆಂಬರ್ 26ಕ್ಕೆ ಚಟುವಟಿಕೆಗಳ ಡೇಟಾ ಬಹುತೇಕ ಸಿದ್ಧವಿರಲಿ, ಕೊನೆಯ ದಿನಗಳದ್ದನ್ನು ಜನವರಿ 2ಕ್ಕೆ ಸೇರಿಸಿ. 40ರಲ್ಲಿ ನಾಲ್ಕು ಶಾಲೆಗಳನ್ನು ಚೀಟಿ ಎತ್ತಿ ಆರಿಸಿ ಹಾಜರಾತಿ ಪುಸ್ತಕದ ಜೊತೆ ತಾಳೆ ನೋಡಿ; ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೋ ಮುಖ್ಯ ಶಿಕ್ಷಕರಿಗೋ ಒಂದು ಫೋನ್ ಮಾಡಿ. 5ಕ್ಕೆ ಲೆಕ್ಕಪತ್ರ ಮುಗಿಯಲಿ. 7ಕ್ಕೆ ಲೆಕ್ಕದವರು ಮತ್ತು ಕಾರ್ಯಕ್ರಮದವರು ಒಂದೇ ಮೇಜಿನಲ್ಲಿ ಕೂತು ಪ್ರತಿ ಚಟುವಟಿಕೆಗೂ ವೋಚರ್, ಪ್ರತಿ ವೋಚರಿಗೂ ಚಟುವಟಿಕೆ ಇದೆಯೇ ಎಂದು ಸಾಲು ಸಾಲಾಗಿ ನೋಡಲಿ. ಎರಡು ಗಂಟೆಯ ಈ ಸಭೆಯನ್ನು ಬಿಟ್ಟರೆ ಬೇರೆ ಯಾವ ಜಾಣತನವೂ ಉಳಿಸುವುದಿಲ್ಲ. ವಿವರಣೆ ಬರೆಯುವುದು ಇದಾದ ಮೇಲೆ. ಮೂರು ದಿನ ಸಾಕು.

ಕಳಿಸಿದ ವರದಿಯ ಪಿಡಿಎಫ್ ಅನ್ನು ದಿನಾಂಕ ಹಾಕಿ ಬೇರೆ ಫೋಲ್ಡರಿನಲ್ಲಿಡಿ. ಮುಂದಿನ ತ್ರೈಮಾಸಿಕದ ಆರಂಭದ ಅಂಕಿಗಳನ್ನು ಅದರಿಂದಲೇ ತೆಗೆದುಕೊಳ್ಳಿ, ಯಾರದೋ ಲ್ಯಾಪ್‌ಟಾಪಿನ ‘ಫೈನಲ್-ಫೈನಲ್-2’ ಫೈಲಿನಿಂದಲ್ಲ. ಹಿಂದಿನ ಅಂಕಿ ತಪ್ಪಿದೆ ಎಂದು ಆಮೇಲೆ ಗೊತ್ತಾದರೆ ಸದ್ದಿಲ್ಲದೆ ತಿದ್ದಬೇಡಿ. ಕೋಷ್ಟಕದ ಕೆಳಗೆ ಬರೆಯಿರಿ: ‘ಎರಡನೇ ತ್ರೈಮಾಸಿಕದಲ್ಲಿ 1,340 ಎಂದು ವರದಿಯಾಗಿತ್ತು. ಎರಡು ಶಾಲೆಗಳ ಪಟ್ಟಿಯಲ್ಲಿ 18 ಮಕ್ಕಳ ಹೆಸರು ಪುನರಾವರ್ತನೆಯಾಗಿದ್ದರಿಂದ ಈಗ 1,322 ಎಂದು ಪರಿಷ್ಕರಿಸಿದೆ.’