ಕೇಳದೆ ಬರೆದ ಎರಡು ಸಾಲು

ಕಾರವಾರದಲ್ಲಿ ‘ನಾನು ಡಿಜೆ’ ಅಂದರೆ ಜನ ಮೊದಲು ಕೇಳುವುದು, ‘ಗಣಪತಿ ಮೆರವಣಿಗೆಗೆ ಬಾಡಿಗೆ ಎಷ್ಟು?’ ಅಂತ. ಇಲ್ಲಿ ಡಿಜೆ ಅಂದರೆ ಲಾರಿ ಮೇಲಿನ ಸ್ಪೀಕರ್. ನನ್ನ ಕೆಲಸ ಜಾಸ್ತಿ ಇರುವುದು ಮಾಜಾಳಿ ದಾಟಿ, ಗೋವಾದ ಪಾಲೋಲೆಂ ಕಡೆ. ಹಾಕುವುದು ಡಿಸ್ಕೋ. ಜೊತೆಗೆ ಪ್ರಮೋಷನ್ ಕೆಲಸವೂ ಇದೆ. ಕಂಪನಿಯವರು ಬಿಡುಗಡೆಗೆ ಮೊದಲೇ ಹಾಡು ಕಳಿಸುತ್ತಾರೆ, ನಾವು ಹಾಕಿ ನೋಡಿ ಎರಡು ಸಾಲು ಬರೆಯಬೇಕು.

ಇದೇನು ಹೊಸ ಪದ್ಧತಿಯಲ್ಲ. 1975ರಲ್ಲಿ ನ್ಯೂಯಾರ್ಕಿನಲ್ಲಿ ಡೇವಿಡ್ ಮಂಕೂಸೊ ಅನ್ನುವ ಡಿಜೆ ಮತ್ತು ಸಂಗಡಿಗರು ರೆಕಾರ್ಡ್ ಪೂಲ್ ಕಟ್ಟಿದ್ದರು. ಡಿಜೆಗಳಿಗೆ ರೆಕಾರ್ಡ್ ಪುಕ್ಕಟೆ. ಬದಲಿಗೆ ಡಾನ್ಸ್ ಫ್ಲೋರ್ ಮೇಲೆ ಏನಾಯಿತು ಅಂತ ಕಂಪನಿಗೆ ಬರೆದು ಕೊಡಬೇಕು.

ನಾನು ಆ ಎರಡು ಸಾಲನ್ನು ಹಾಡು ಕೇಳದೆಯೇ ಬರೆಯತೊಡಗಿದ್ದೆ. ‘ಸೂಪರ್, ಫ್ಲೋರ್ ತುಂಬಿತು.’ ಹೊಗಳಿದರೆ ಮುಂದಿನ ಹಾಡೂ ಬರುತ್ತೆ, ಅಲ್ವಾ? ಒಂದು ಕಂಪನಿಯವರು ನನ್ನ ಮಾತನ್ನೇ ಪೋಸ್ಟರಿಗೆ ಹಾಕಿಬಿಟ್ಟರು. ಅದನ್ನು ನೋಡಿದ ಪಾರ್ಟಿ ಮ್ಯಾನೇಜರ್, ‘ಇವತ್ತು ಅದೇ ಹಾಡು ಹಾಕು’ ಅಂದ.

ಅವತ್ತು ಸೈಲೆಂಟ್ ಡಿಸ್ಕೋ. ರಾತ್ರಿ 10ರ ಮೇಲೆ ಬಯಲಲ್ಲಿ ಸ್ಪೀಕರ್ ಹಚ್ಚುವಂತಿಲ್ಲ, ಹಾಗಾಗಿ ಎಲ್ಲರ ಕಿವಿಗೂ ಹೆಡ್‌ಫೋನ್. ಮೂವರು ಡಿಜೆ, ಮೂರು ಚಾನೆಲ್, ಬೇಕಾದ್ದಕ್ಕೆ ಅವರವರೇ ಬದಲಾಯಿಸಿಕೊಳ್ಳಬಹುದು. ನನ್ನದು ಕೇಳುವವರ ಹೆಡ್‌ಫೋನಿನಲ್ಲಿ ಕೆಂಪು ದೀಪ, ಉಳಿದಿಬ್ಬರದು ನೀಲಿ, ಹಸಿರು. ಹಾಡು ಬಿಟ್ಟೆ. ಶುರುವಿಗೇ ಗಾಯಕಿ ಬಾಯಿ ತೆರೆದಳು! ಡಿಸ್ಕೋದ ಹನ್ನೆರಡು ಇಂಚಿನ ರೆಕಾರ್ಡುಗಳಲ್ಲಿ ಸಾಮಾನ್ಯವಾಗಿ ಮೊದಲು ಬರೀ ಡ್ರಮ್ ಓಡುತ್ತೆ. ಅಷ್ಟರೊಳಗೆ ಹಿಂದಿನ ಹಾಡಿನ ತಾಳಕ್ಕೆ ಇದನ್ನು ಕೂಡಿಸಿಕೊಳ್ಳಬಹುದು. ಇಲ್ಲಿ ಆ ಜಾಗವೇ ಇಲ್ಲ. ಸಾಲದ್ದಕ್ಕೆ, ನಿಮಿಷಕ್ಕೆ 120 ಬೀಟಿಗೆ ಕುಣಿಯುತ್ತಿದ್ದವರಿಗೆ ಇದು 104. ಸ್ಪೀಡ್ ಏರಿಸಿದರೆ ಗಾಯಕಿ ಬಸ್ ತಪ್ಪಿಸಿಕೊಂಡವಳ ಹಾಗೆ ಕೇಳುತ್ತಾಳೆ.

ಮೊದಲು ಎದುರಿಗಿದ್ದ ಹುಡುಗಿಯ ಕಿವಿ ನೀಲಿಯಾಯಿತು. ಆಮೇಲೆ ಅವಳ ಗೆಳತಿಯರದ್ದು. ಒಂದೇ ನಿಮಿಷ, ಕೆಂಪು ಉಳಿದದ್ದು ನಾಲ್ಕು. ಅದರಲ್ಲೊಂದು ಮ್ಯಾನೇಜರನದು. ಅವನು ಕುಣಿಯುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಶಿರಸಿಯ ಸೋದರಮಾವ ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಾರೆ. ಈ ಕಥೆ ಕೇಳಿ ನಕ್ಕರು. ‘ವೇಷದವನ ಕಾಲು ನೋಡವು ತಮಾ’ ಅಂದರು, ಅಷ್ಟೇ. ಸುಮ್ನೆ ಅಡಿಕೆ ಸುಲಿಯುತ್ತಾ ಕೂತರು.

ಈಗ ಕನ್ಸೋಲ್ ಪಕ್ಕ ಇನ್ನೂರು ಪೇಜಿನ ನೋಟ್‌ಬುಕ್ ಇರುತ್ತದೆ. ಹಾಡು, ಹಾಕಿದ ಹೊತ್ತು, ಎಷ್ಟು ಜನ ಕುಣಿಯಲು ಎದ್ದರು, ಎಷ್ಟು ಜನ ನೀರು ಕುಡಿಯಲು ಹೋದರು. ಕಂಪನಿಗೂ ಅದನ್ನೇ ಬರೆಯುತ್ತೇನೆ: ‘ರಾತ್ರಿ 12.40, ಅರ್ಧ ಫ್ಲೋರ್ ಖಾಲಿ. ಶುರುವಿಗೆ ಅರ್ಧ ನಿಮಿಷ ಬರೀ ಡ್ರಮ್ ಕೊಡಿ.’ ಇಬ್ಬರು ಹಾಡು ಕಳಿಸುವುದನ್ನೇ ನಿಲ್ಲಿಸಿದರು. ಒಬ್ಬರು ಡ್ರಮ್ ಸೇರಿಸಿ ಮತ್ತೆ ಕಳಿಸಿದ್ದಾರೆ. ಈ ಶನಿವಾರ ಹಾಕಿ ನೋಡಬೇಕು.