ಗಜನಿಯನ್ನು ಹೊಳೆ ಎಂದು ತೋರಿಸುವ ನಕ್ಷೆ

ಕುಮಟಾ
ನವೆಂಬರ್ 23, 2025, ಭಾನುವಾರ

ಅಘನಾಶಿನಿ ಅಳಿವೆಯ ನಕ್ಷೆಯಲ್ಲಿ ಇವತ್ತು ಗಜನಿಗಳ ಸರದಿ. ರಸ್ತೆ, ರೈಲು ಹಳಿ, ಊರು ಇವನ್ನೆಲ್ಲ ಜನರೇ ಸೇರಿ ಮಾಡಿದ ಪುಕ್ಕಟೆ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಂಡು, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿಯಾಗಿದೆ. ಗಜನಿಗಳನ್ನು ಮಾತ್ರ ಕೂತು ಬಿಡಿಸಬೇಕು.

ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ಗಜನಿ ಅಂದರೆ ಹೊಳೆ ಪಕ್ಕದ ತಗ್ಗು ಗದ್ದೆ. ಉಪ್ಪುನೀರು ನುಗ್ಗಬಾರದು ಅಂತ ಸುತ್ತ ಒಡ್ಡು ಇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ. ಅದು ಉಪ್ಪು ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಗೇಟು ತೆಗೆದು ಹೊಳೆ ನೀರು ಬಿಡುತ್ತಾರೆ. ಆಮೇಲೆ ಸಿಗಡಿ, ಮೀನು. ಒಂದೇ ನೆಲ, ಎರಡು ಬೆಳೆ.

ನೀರು ಎಲ್ಲಿದೆ ಅಂತ ತಿಳಿಯಲು ಎಲ್ಲರೂ ಹಿಡಿಯುವ ದಾರಿ ಸೆಂಟಿನೆಲ್-2 ಉಪಗ್ರಹದ ಚಿತ್ರ. ಯುರೋಪಿನದು, ಪುಕ್ಕಟೆ ಸಿಗುತ್ತದೆ, ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ನೀರು ಹಸಿರು ಬೆಳಕನ್ನು ಅಷ್ಟಿಷ್ಟು ವಾಪಸ್ ಕಳಿಸುತ್ತದೆ. ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ಉಪಗ್ರಹ ಒಂದೊಂದು ಬಗೆಯ ಬೆಳಕನ್ನು ಒಂದೊಂದು ಬ್ಯಾಂಡ್‌ನಲ್ಲಿ ಅಳೆಯುತ್ತದೆ. ಹಾಗಾಗಿ 3ನೇ ಬ್ಯಾಂಡ್‌ನಿಂದ (ಹಸಿರು) 8ನೇ ಬ್ಯಾಂಡ್ (ನಿಯರ್ ಇನ್‌ಫ್ರಾರೆಡ್) ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ, ಸೊನ್ನೆಗಿಂತ ಜಾಸ್ತಿ ಬಂದದ್ದು ಸಾಮಾನ್ಯವಾಗಿ ನೀರು. ಎನ್‌ಡಿಡಬ್ಲ್ಯುಐ ಅನ್ನುವ ನೀರಿನ ಸೂಚ್ಯಂಕ ಇದೇ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಒಂದು ಸಾಲು ಬರೆದರೆ ಕೆಲಸ ಮುಗಿಯಿತು.

ಜನವರಿ ಚಿತ್ರಕ್ಕೆ ಇದನ್ನು ಓಡಿಸಿದರೆ ಏನಾಗುತ್ತದೆ? ಹೊಳೆ ನೀಲಿ, ಗಜನಿ ನೀಲಿ, ಉಪ್ಪಿನಾಗರದಲ್ಲಿ ನೀರು ನಿಂತಿದ್ದರೆ ಅದೂ ನೀಲಿ. ಮಾಣಿಕಟ್ಟಾ ಊರಿನ ಗದ್ದೆ ಯಾವುದು, ಅಘನಾಶಿನಿ ಹೊಳೆ ಯಾವುದು ಹೇಳಲಿಕ್ಕೇ ಆಗದು.

ಪಕ್ಕದ ಮನೆಯ ಮಾವ ಲ್ಯಾಪ್‌ಟಾಪ್ ನೋಡಿ, “ತಂಗೀ, ಇದರಲ್ಲಿ ನಮ್ಮ ಗದ್ದೆ ಎಲ್ಲುಂಟು? ಬರೀ ಹೊಳೆಯೇ ಕಾಣ್ತದಲ್ಲ” ಅಂದರು. ಜೂಮ್ ಮಾಡಿದೆ. ನೀಲಿ ನಡುವೆ ಒಂದೊಂದು ಪಿಕ್ಸೆಲ್ ಅಗಲಕ್ಕೆ, ಅಲ್ಲಲ್ಲಿ ಕಡಿದುಹೋದ ಒಂದು ಗೆರೆ ಇತ್ತು. ಅವರು ಅದರ ಮೇಲೆ ಬೆರಳಿಟ್ಟರು. “ಇದು ಒಡ್ಡು. ಈ ತಿರುವಿನಲ್ಲಿ ಗೇಟುಂಟು.” ಕೆಲವೇ ಮೀಟರ್ ಅಗಲದ ಒಡ್ಡು 10 ಮೀಟರ್ ಪಿಕ್ಸೆಲ್‌ನಲ್ಲಿ ಹಾಗೆಯೇ ಕಾಣುವುದು.

ಇನ್ನೊಂದು ದೊಡ್ಡ ತೊಡಕಿದೆ. ನಮ್ಮ ಕರಾವಳಿಯಲ್ಲಿ ಮೋಡವಿಲ್ಲದ ಚಿತ್ರ ಸಿಗುವುದು ಹೆಚ್ಚಾಗಿ ನವೆಂಬರ್‌ನಿಂದ ಮೇ ತನಕ. ಆಗ ಗಜನಿಯಲ್ಲಿ ನೀರು. ಭತ್ತ ನಿಂತಿರುವುದು ಮಳೆಗಾಲದಲ್ಲಿ. ಆಗ ಮೇಲಿಂದ ನೋಡಿದರೆ ಮೋಡವೇ ಮೋಡ. ಅಂದರೆ ಸುಮ್ನೆ ಒಂದು ಒಳ್ಳೆ ಚಿತ್ರ ಆರಿಸಿ ನಕ್ಷೆ ಮಾಡಿದರೆ ಕಗ್ಗ ಅದರಲ್ಲಿ ಬರುವುದೇ ಇಲ್ಲ. ಗದ್ದೆಯೇ ಇಲ್ಲದ ನಕ್ಷೆ ಹಿಡಿದು ಒಡ್ಡಿನ ರಿಪೇರಿ ಕೇಳುವುದು ಹೇಗೆ? ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿದೆ, 4801 ಹೆಕ್ಟೇರ್. ಇನ್ನು ಮುಂದೆ ಇದರ ನಕ್ಷೆಗಳು ಜಾಸ್ತಿ ಬರುತ್ತವೆ. ಅದಕ್ಕೇ ಇದನ್ನು ಈಗಲೇ ಸರಿಯಾಗಿ ಮಾಡಬೇಕು ಅನ್ನುವುದು ನನ್ನ ಹಟ.

ದಾರಿ ಇದೆ. ಸೆಂಟಿನೆಲ್-1 ರೇಡಾರ್ ಉಪಗ್ರಹ, ಮೋಡ ಅದಕ್ಕೆ ಲೆಕ್ಕಕ್ಕಿಲ್ಲ. ನಿಂತ ನೀರು ಕನ್ನಡಿಯ ಹಾಗೆ ರೇಡಾರ್ ಅಲೆಯನ್ನು ಆಚೆ ಜಾರಿಸುತ್ತದೆ, ಚಿತ್ರದಲ್ಲಿ ಕಪ್ಪಾಗುತ್ತದೆ. ಎದ್ದುನಿಂತ ಪೈರು ಅಲೆಯನ್ನು ವಾಪಸ್ ಕಳಿಸುತ್ತದೆ, ಬೆಳ್ಳಗೆ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ಬೆಳ್ಳಗಿದ್ದು ಜನವರಿಯಲ್ಲಿ ಕಪ್ಪಾಗುವ ಜಾಗ ಗಜನಿ. ಎರಡೂ ಸಲ ಕಪ್ಪಾಗಿದ್ದರೆ ಅದು ಹೊಳೆ, ಇಲ್ಲವೇ ಭತ್ತ ಬಿಟ್ಟು ವರ್ಷವಿಡೀ ನೀರು ನಿಲ್ಲಿಸಿದ ಗಜನಿ. ಅಂಥವೂ ಬೇಕಾದಷ್ಟಿವೆ. ಇವೆರಡನ್ನು ಬೇರೆ ಮಾಡಲು ಒಡ್ಡು ಗೊತ್ತಿರುವವರೇ ಬೇಕು. ಫೋನಿನಲ್ಲಿ ಕ್ಯೂಫೀಲ್ಡ್ ಅನ್ನುವ ನಕ್ಷೆಯ ಆ್ಯಪ್ ಹಾಕಿಕೊಂಡು ಒಡ್ಡಿನ ಮೇಲೆ ನಡೆದರೆ ಗೆರೆ ತಾನಾಗಿ ಮೂಡುತ್ತದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಕೆಲವೇ ಮೀಟರ್ ಆಚೀಚೆ ಆಗುತ್ತದೆ, ಈ ಕೆಲಸಕ್ಕೆ ಅಷ್ಟು ಸಾಕು.

ಭರತ-ಇಳಿತವನ್ನೂ ಮರೆಯುವಂತಿಲ್ಲ. ಸೆಂಟಿನೆಲ್-2 ನಮ್ಮ ಮೇಲೆ ಹಾದುಹೋಗುವುದು ಯಾವಾಗಲೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಒಂದು ದಿನದ ಚಿತ್ರದಲ್ಲಿ ತುಂಬಿದ ಹೊಳೆ, ಇನ್ನೊಂದು ದಿನದ್ದರಲ್ಲಿ ಬಳಚು (ಚಿಪ್ಪುಮೀನು) ತೆಗೆಯುವ ದಿಬ್ಬಗಳೆಲ್ಲ ಬಯಲಾಗಿರುತ್ತವೆ. ಹಾಗಾಗಿ ಚಿತ್ರದ ತಾರೀಕಿನ ಜೊತೆ ಆ ಹೊತ್ತಿನ ನೀರಿನ ಮಟ್ಟವನ್ನೂ ನಕ್ಷೆಯ ಮೂಲೆಯಲ್ಲಿ ಬರೆಯುತ್ತಿದ್ದೇನೆ. ಬಳಚು ದಿಬ್ಬಕ್ಕೆ ನಕ್ಷೆಯಲ್ಲಿ ಬೇರೆಯೇ ಲೇಯರ್, ಅಂದರೆ ಪದರ.

ಈ ಕೆಲಸಕ್ಕೆ ಇಳಿಯುವವರಿಗೆ ಎರಡು ಮಾತು. ನಕ್ಷೆಯ ಮಾಹಿತಿ ಉಳಿಸಲು ಶೇಪ್‌ಫೈಲ್ ಅನ್ನುವ ಹಳೇ ಬಗೆಯ ಫೈಲ್ ಬೇಡ. ಅದರಲ್ಲಿ ಕಾಲಮ್ ಹೆಸರಿಗೆ ಇರುವುದು 10 ಬೈಟ್ ಜಾಗ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ 3 ಬೈಟ್. ‘ಗಜನಿ’ ಅಂತ ಬರೆಯಲು 12 ಬೈಟ್ ಬೇಕು, ಹಿಡಿಯುವುದಿಲ್ಲ. ಜಿಯೋಪ್ಯಾಕೇಜ್ ಅನ್ನುವ ಹೊಸ ಬಗೆಯ ಫೈಲ್‌ನಲ್ಲಿ ಈ ತಕರಾರು ಇಲ್ಲ. ಇನ್ನು, ಎಕರೆ ಲೆಕ್ಕವನ್ನು ವೆಬ್ ಮರ್ಕೇಟರ್‌ನಲ್ಲಿ ಮಾಡಬೇಡಿ. ಉರುಟು ಭೂಮಿಯನ್ನು ಚಪ್ಪಟೆ ನಕ್ಷೆಯಾಗಿ ಹರಡುವ ಒಂದು ವಿಧಾನ ಅದು. ಹಿನ್ನೆಲೆಗೆ ಹಾಕುವ ನಕ್ಷೆಗಳು ಸಾಮಾನ್ಯವಾಗಿ ಅದರಲ್ಲೇ ಬರುತ್ತವೆ. ನಮ್ಮ ಅಕ್ಷಾಂಶದಲ್ಲಿ ಅದು 100 ಎಕರೆಯನ್ನು ಸುಮಾರು 107 ಮಾಡಿಬಿಡುತ್ತದೆ. ಒಡ್ಡಿನ ಜಗಳ ಇರುವ ಊರಿನಲ್ಲಿ ಏಳು ಎಕರೆ ಸಣ್ಣ ಮಾತಲ್ಲ, ಅಲ್ವಾ? ಲೇಯರನ್ನು ನಮ್ಮ ಭಾಗಕ್ಕೆ ಹೊಂದುವ ಇನ್ನೊಂದು ವಿಧಾನ, ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿಕೊಂಡು ಅಳೆಯಿರಿ.

ಬಣ್ಣ ಇವತ್ತು ರಾತ್ರಿ ಗೊತ್ತು ಮಾಡಿದೆ. ಹೊಳೆಗೆ ನೀಲಿ. ಗಜನಿಗೆ ಹಸಿರು ನೆಲ, ಅದರ ಮೇಲೆ ನೀಲಿ ಓರೆಗೆರೆ. ಭತ್ತ ಬಿಟ್ಟ ಗಜನಿಗೆ ಹಳದಿ ನೆಲ, ಅದೇ ಗೆರೆ.

ಮುಂದಿನ ವಾರ ಮಾಸೂರು ಕಡೆಯ ಒಡ್ಡು ನಡೆಯುವುದಿದೆ. ಗಜನಿ ಮಾಡುವವರು ಇದನ್ನು ಓದುತ್ತಿದ್ದರೆ ನಿಮ್ಮ ಗೇಟು ಎಲ್ಲಿದೆ, ಯಾವ ತಿಂಗಳು ತೆಗೆಯುತ್ತೀರಿ ಅಂತ ತಿಳಿಸಿ. ಆ ಎರಡು ಕಾಲಮ್ ಇನ್ನೂ ಖಾಲಿ ಇವೆ.