2004ರ ರೆಡ್ ಸಾಕ್ಸ್: ಬೆಂಚಿನಲ್ಲಿ ಕೂತಿದ್ದವರು

2004ರ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ ಎಂದ ಕೂಡಲೇ ಓರ್ಟಿಜ್, ರಮಿರೆಜ್, ಶಿಲ್ಲಿಂಗ್, ಪೆಡ್ರೊ ಹೆಸರು ಬರುತ್ತವೆ. ಬರಲೇಬೇಕು. ಆದರೆ 86 ವರ್ಷಗಳ ನಂತರ ಬಂದ ಆ ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಸರಣಿ) ಗೆಲುವಿನ ಲೆಕ್ಕ ಬೆಂಚಿನವರನ್ನು, ಅಂದರೆ ಬದಲಿ ಆಟಗಾರರನ್ನು, ಬಿಟ್ಟರೆ ಕೂಡುವುದೇ ಇಲ್ಲ.

ಆಗ ತಂಡದಲ್ಲಿ 25 ಜನರಿಗಷ್ಟೇ ಜಾಗ. ಪಿಚರ್‌ಗಳನ್ನೂ ಮೊದಲ ಒಂಬತ್ತು ಮಂದಿಯನ್ನೂ ಕಳೆದರೆ ಉಳಿಯುತ್ತಿದ್ದದ್ದು ನಾಲ್ಕೈದು ಮಂದಿ. ಬೇಸ್‌ಬಾಲಿನಲ್ಲಿ ಒಮ್ಮೆ ಹೊರಗೆ ಬಂದವನು ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿಲ್ಲ. ಹಾಗಾಗಿ ಯಾರನ್ನು ಯಾವಾಗ ಇಳಿಸಬೇಕು ಎನ್ನುವುದೇ ಮ್ಯಾನೇಜರನ ನಿಜವಾದ ಪರೀಕ್ಷೆ. ಟೆರ್ರಿ ಫ್ರಾಂಕೋನಾ ಅದನ್ನು ಚೆನ್ನಾಗಿ ಬಲ್ಲವರು.

ಬೆಂಚಿನ ಓಟಗಾರ ಡೇವ್ ರಾಬರ್ಟ್ಸ್ ಬಂದದ್ದು ಜುಲೈ 31ರಂದು, ಡಾಡ್ಜರ್ಸ್ ತಂಡದಿಂದ. ಆ ವರ್ಷ ಒಟ್ಟು 38 ಬೇಸ್ ಕದ್ದು (ಅಂದರೆ ಪಿಚರ್ ಎಸೆಯುವಾಗಲೇ ಮುಂದಿನ ಬೇಸಿಗೆ ಓಡಿ ಸೇರಿ), ಸಿಕ್ಕಿಬಿದ್ದದ್ದು ಮೂರೇ ಸಲ. ಅಕ್ಟೋಬರ್ 17ರಂದು ತವರಿನ ಫೆನ್ವೇ ಪಾರ್ಕಿನಲ್ಲಿ, ವರ್ಲ್ಡ್ ಸೀರೀಸ್‌ಗೆ ಮೊದಲಿನ ಲೀಗ್ ಚಾಂಪಿಯನ್‌ಶಿಪ್ ಸರಣಿಯ ನಾಲ್ಕನೇ ಪಂದ್ಯ: ಎದುರಾಳಿ ಯಾಂಕೀಸ್ ಸರಣಿಯಲ್ಲಿ 3-0 ಮುಂದೆ, ಪಂದ್ಯದಲ್ಲಿ 4-3 ಮುಂದೆ. ಒಂಬತ್ತನೇ ಇನ್ನಿಂಗ್ಸ್, ಅವರ ಪಿಚರ್ ಮರಿಯಾನೊ ರಿವೆರಾ. ರೆಡ್ ಸಾಕ್ಸ್‌ನ ಕೆವಿನ್ ಮಿಲಾರ್ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಮೊದಲ ಬೇಸ್ ಪುಕ್ಕಟೆ) ಪಡೆದ ಕೂಡಲೇ ಅವರ ಬದಲು ರಾಬರ್ಟ್ಸ್ ಓಡಲು ಬಂದರು. ಕದಿಯಲೆಂದೇ ಬಂದಿದ್ದಾರೆಂದು ಇಡೀ ಮೈದಾನಕ್ಕೆ ಗೊತ್ತು.

ರಿವೆರಾ ಮೂರು ಬಾರಿ ಮೊದಲ ಬೇಸಿಗೆ ಎಸೆದರು. ಹೊತ್ತುಗಟ್ಟಲೆ ಕೂತು ಮೈ ಬಿಗಿದಿದ್ದವನಿಗೆ ಆ ಎಸೆತಗಳಿಂದ ಉಪಕಾರವೇ ಆಯಿತು: ಮೂರು ಸಲ ಹಾರಿ ಹಿಂತಿರುಗುವಷ್ಟರಲ್ಲಿ ಕಾಲು ಸಡಿಲವಾಯಿತು. ಪಿಚರ್ ಎಸೆಯಲು ಶುರುಮಾಡಿ ಚೆಂಡು ಕ್ಯಾಚರ್ ಕೈ ಸೇರಲು ಸುಮಾರು 1.3 ಸೆಕೆಂಡ್, ಕ್ಯಾಚರ್ ಹಿಡಿದು ಎರಡನೇ ಬೇಸಿಗೆ ಮುಟ್ಟಿಸಲು ಸುಮಾರು 2 ಸೆಕೆಂಡ್. ಓಟಗಾರನ ಕೈಯಲ್ಲಿರುವುದು ಅಷ್ಟೇ ಹೊತ್ತು. ಬ್ಯಾಟರ್‌ಗೆ ಬಂದ ಮೊದಲ ಎಸೆತಕ್ಕೇ ರಾಬರ್ಟ್ಸ್ ಹೊರಟರು. ಕ್ಯಾಚರ್ ಪೊಸಾಡ ಎಸೆತ ಚೆನ್ನಾಗಿಯೇ ಇತ್ತು, ಎರಡನೇ ಬೇಸಿನಲ್ಲಿದ್ದ ಜೀಟರ್ ಟ್ಯಾಗ್ ಮಾಡುವ (ಚೆಂಡು ಮುಟ್ಟಿಸಿ ಔಟ್ ಮಾಡುವ) ಕ್ಷಣ ಮೊದಲು ರಾಬರ್ಟ್ಸ್ ಕೈ ಬೇಸ್ ಮುಟ್ಟಿತ್ತು. ಬಿಲ್ ಮಿಲ್ಲರ್ ಹೊಡೆತಕ್ಕೆ ಅವರೇ ಓಡಿಬಂದು 4-4. ಹನ್ನೆರಡನೆಯದರಲ್ಲಿ ಓರ್ಟಿಜ್ ಹೋಮ್ ರನ್, ಪಂದ್ಯ ರೆಡ್ ಸಾಕ್ಸ್‌ಗೆ. (2023ರ ನಿಯಮದಲ್ಲಾದರೆ, ಮೂರನೇ ಸಲ ಎಸೆದೂ ಔಟ್ ಮಾಡದ ಪಿಚರ್‌ಗೆ ಬಾಕ್ ಎಂಬ ತಪ್ಪು ಬೀಳುತ್ತಿತ್ತು, ಓಟಗಾರನಿಗೆ ಎರಡನೇ ಬೇಸ್ ಪುಕ್ಕಟೆ ಸಿಗುತ್ತಿತ್ತು.) ಮರುದಿನ ಎಂಟನೇ ಇನ್ನಿಂಗ್ಸ್‌ನಲ್ಲೂ ಮಿಲಾರ್ ಬದಲು ಓಡಿ ಸಮ ಮಾಡಿದ ರನ್ ತಂದದ್ದು ಇವರೇ.

ಬದಲಿ ಕ್ಯಾಚರ್ ಡಗ್ ಮಿರಬೆಲ್ಲಿಯ ಕೆಲಸ ಇದಕ್ಕಿಂತ ಕಷ್ಟದ್ದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು ಹಿಡಿಯಬೇಕಿದ್ದದ್ದು ತಂಡದ ಪಿಚರ್ ಟಿಮ್ ವೇಕ್‌ಫೀಲ್ಡ್ ಎಸೆಯುವ ನಕಲ್‌ಬಾಲ್; ಆ ಎಸೆತದಲ್ಲಿ ಚೆಂಡು ಗಿರಗಿರ ತಿರುಗುವುದೇ ಅಪರೂಪ. ಹೊಲಿಗೆಗೆ ಗಾಳಿ ತಾಗಿದ ಹಾಗೆ ಕೊನೇ ಗಳಿಗೆಯಲ್ಲಿ ಎತ್ತಲಾದರೂ ವಾಲುತ್ತದೆ. ಮುಂಚೆಯೇ ಕೈ ಚಾಚಿದರೆ ತಪ್ಪಿತೆಂದೇ ಲೆಕ್ಕ. ಮಾಮೂಲಿಗಿಂತ ದೊಡ್ಡ ಮಿಟ್ (ಕ್ಯಾಚರ್ ಕೈಗವಸು) ಹಿಡಿದು, ಚೆಂಡು ಹತ್ತಿರ ಬರುವವರೆಗೂ ಕಾಯಬೇಕು. ಅದೇ ಸರಣಿಯ ಐದನೇ ಪಂದ್ಯದ ಹದಿಮೂರನೇ ಇನ್ನಿಂಗ್ಸ್‌ನಲ್ಲಿ ವೇಕ್‌ಫೀಲ್ಡ್ ಎಸೆಯುವಾಗ ಹಿಂದೆ ಕೂತಿದ್ದವರು ಜೇಸನ್ ವಾರಿಟೆಕ್. ಅಷ್ಟು ಒಳ್ಳೆಯ ಕ್ಯಾಚರ್ ಕೈಯಿಂದಲೂ ಮೂರು ಪಾಸ್ಡ್ ಬಾಲ್ (ಹಿಡಿಯಬೇಕಿದ್ದ ಚೆಂಡು ತಪ್ಪಿಹೋಗಿ ಓಟಗಾರ ಮುಂದೆ ಹೋಗುವುದು)! ರನ್ ಹೋಗಲಿಲ್ಲ ಎನ್ನುವುದೇ ಪುಣ್ಯ.

ಮಿರಬೆಲ್ಲಿಯ ಬೆಲೆ ತಂಡಕ್ಕೆ ಮನವರಿಕೆಯಾದದ್ದು ಅವರನ್ನು ಪಾಡ್ರೆಸ್ ತಂಡಕ್ಕೆ ಕೊಟ್ಟ ಮೇಲೆ. 2006ರ ಏಪ್ರಿಲ್ ತಿಂಗಳೊಂದರಲ್ಲೇ ಅವರ ಜಾಗದಲ್ಲಿದ್ದ ಕ್ಯಾಚರ್ ಜೋಶ್ ಬಾರ್ಡ್ ಹತ್ತು ಪಾಸ್ಡ್ ಬಾಲ್ ಬಿಟ್ಟರು. ಮೇ 1ರಂದು ಮಿರಬೆಲ್ಲಿಯನ್ನು ವಾಪಸ್ ಕೊಂಡು, ವಿಮಾನ ನಿಲ್ದಾಣದಿಂದ ಪೊಲೀಸ್ ಬೆಂಗಾವಲಿನಲ್ಲಿ ಕರೆತಂದರು. ಕಾರಿನಲ್ಲೇ ಸಮವಸ್ತ್ರ ತೊಟ್ಟು ಅವರು ಅಂದೇ ವೇಕ್‌ಫೀಲ್ಡ್ ಎದುರು ಕೂತರು. ಯಾಂಕೀಸ್ ವಿರುದ್ಧ 7-3 ಗೆಲುವು.

ಇನ್ನು ಪೋಕಿ ರೀಸ್ ಮತ್ತು ಡಗ್ ಮಿಂಟ್ಕೇವಿಚ್: ಇಬ್ಬರೂ ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದವರು, ಮುನ್ನಡೆ ಸಿಕ್ಕ ಮೇಲೆ ಅದನ್ನು ಕಾಯಲು ಬರುವವರು. ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿಯ ಊರಾದ ಸೇಂಟ್ ಲೂಯಿಸ್‌ನಲ್ಲಿ ಆಗ ಡೆಸಿಗ್ನೇಟೆಡ್ ಹಿಟರ್ (ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು) ಇಲ್ಲದ್ದರಿಂದ ಓರ್ಟಿಜ್ ಮೊದಲ ಬೇಸಿನಲ್ಲಿ ನಿಲ್ಲಬೇಕಾಯಿತು. ಕೊನೆಯಲ್ಲಿ ಅಲ್ಲಿ ಮಿಂಟ್ಕೇವಿಚ್ ಬಂದರು. ಅಕ್ಟೋಬರ್ 27ರಂದು ಎದುರಾಳಿ ರೆಂಟೆರಿಯಾ ಹೊಡೆದ ಚೆಂಡನ್ನು ಪಿಚರ್ ಕೀತ್ ಫೌಲ್ಕ್ ಹಿಡಿದು, ಸರಣಿಯ ಕೊನೇ ಔಟ್‌ಗೆ ಮೆಲ್ಲಗೆ ಎಸೆದದ್ದು ಅವರ ಕೈಗೆ. ಆ ವರ್ಲ್ಡ್ ಸೀರೀಸ್‌ನ ನಾಲ್ಕೂ ಪಂದ್ಯಗಳಲ್ಲಿ ರಾಬರ್ಟ್ಸ್ ಒಮ್ಮೆಯೂ ಮೈದಾನಕ್ಕೆ ಇಳಿಯಲಿಲ್ಲ.